ಬಿ. ಡಿ. ಜತ್ತಿ

ಬಸಪ್ಪ ದಾನಪ್ಪ ಜತ್ತಿ (10 ಸೆಪ್ಟೆಂಬರ್ 1912 – 7 ಜೂನ್ 2002) ಕರ್ನಾಟಕದ ವಕೀಲರು, ರಾಜಕಾರಣಿ ಹಾಗೂ ಆಡಳಿತಗಾರರು. ಬಿ. ಡಿ. ಜತ್ತಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರು ಜಮಖಂಡಿ ಪುರಸಭೆಯ ಸದಸ್ಯರಾಗಿ ಸಾರ್ವಜನಿಕ ಜೀವನವನ್ನು ಆರಂಭಿಸಿದರು. ಅದೇ ಪುರಸಭೆಯ ಅಧ್ಯಕ್ಷ, ಜಮಖಂಡಿ ಸಂಸ್ಥಾನದ ದಿವಾನ, ಮೈಸೂರು ರಾಜ್ಯದ ಮುಖ್ಯಮಂತ್ರಿ, ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್, ಒಡಿಶಾದ ರಾಜ್ಯಪಾಲ ಮತ್ತು ಭಾರತದ ಉಪರಾಷ್ಟ್ರಪತಿ ಹುದ್ದೆಗಳನ್ನು ನಿರ್ವಹಿಸಿದರು. 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಇವರು ಮುಖ್ಯಮಂತ್ರಿಯಾಗಿದ್ದ ಅವಧಿಯಲ್ಲಿ ಜಾರಿಗೆ ಬಂದ 1959ರ ಮೈಸೂರು ಗ್ರಾಮ ಪಂಚಾಯಿತಿಗಳು ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆಯು ಏಕೀಕೃತ ರಾಜ್ಯದ ಎಲ್ಲ ಹಳ್ಳಿಗಳಿಗೂ ಒಂದೇ ಬಗೆಯ ಸ್ಥಳೀಯ ಆಡಳಿತವನ್ನು ತಂದಿತು. ಸ್ಥಳೀಯ ಸಂಸ್ಥೆಗಳೊಳಗೆ ದುಡಿದ ವಕೀಲರು ರಾಜ್ಯದ ಶಾಸನಗಳ ಮೇಲೆ ಬೀರಿದ ಪ್ರಭಾವಕ್ಕೆ ಜತ್ತಿಯವರ ಜೀವನವು ಒಂದು ಮುಖ್ಯ ನಿದರ್ಶನವಾಗಿದೆ.

ಜನನ ಮತ್ತು ಶಿಕ್ಷಣ

ಜತ್ತಿಯವರು ಜನಿಸಿದ್ದು ಜಮಖಂಡಿ ತಾಲ್ಲೂಕಿನ ಸಾವಳಗಿ ಗ್ರಾಮದಲ್ಲಿ. ಈ ಗ್ರಾಮವು ಅಂದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ವಿಲೀನದ ನಂತರ ವಿಜಾಪುರ ಜಿಲ್ಲೆಗೆ ಸೇರಿದ ಈ ಪ್ರದೇಶವು 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅವರದು ಲಿಂಗಾಯತ ಕುಟುಂಬ. ತಂದೆ ದಾನಪ್ಪನವರು ಸಣ್ಣ ಪ್ರಮಾಣದ ಕಿರಾಣಿ ವ್ಯಾಪಾರ ನಡೆಸುತ್ತಿದ್ದರು. ಅಂದಿನ ರೂಢಿಯಂತೆ 1922ರಲ್ಲಿ, ತಮ್ಮ 10ನೆಯ ವಯಸ್ಸಿನಲ್ಲಿಯೇ ಜತ್ತಿಯವರ ವಿವಾಹವಾಯಿತು.

ಪ್ರಾಥಮಿಕ ಶಿಕ್ಷಣವನ್ನು ಸಾವಳಗಿಯಲ್ಲಿಯೂ ಪ್ರೌಢ ಶಿಕ್ಷಣವನ್ನು ವಿಜಾಪುರದ ಸಿದ್ಧೇಶ್ವರ ಪ್ರೌಢಶಾಲೆಯಲ್ಲಿಯೂ ಪಡೆದ ಅವರು ಉನ್ನತ ವ್ಯಾಸಂಗಕ್ಕಾಗಿ ಕೊಲ್ಹಾಪುರಕ್ಕೆ ತೆರಳಿದರು. ಅಲ್ಲಿನ ರಾಜಾರಾಮ್ ಕಾಲೇಜಿನಲ್ಲಿ ಬಿ.ಎ. ಪದವಿಯನ್ನೂ ಸೈಕ್ಸ್ ಕಾನೂನು ಕಾಲೇಜಿನಲ್ಲಿ ಕಾನೂನು ಪದವಿಯನ್ನೂ ಪಡೆದರು. ದಕ್ಷಿಣ ಮಹಾರಾಷ್ಟ್ರ ಮತ್ತು ಮುಂಬಯಿ ಕರ್ನಾಟಕದ ಸಂಸ್ಥಾನಗಳಿಂದ ಬರುತ್ತಿದ್ದ ವಿದ್ಯಾರ್ಥಿಗಳಿಗೆ ಕೊಲ್ಹಾಪುರವು ಆ ಕಾಲದಲ್ಲಿ ಹತ್ತಿರದ ವಿದ್ಯಾಕೇಂದ್ರವಾಗಿತ್ತು. ಪದವಿಯ ನಂತರ ಜತ್ತಿಯವರು ಜಮಖಂಡಿಗೆ ಹಿಂದಿರುಗಿ ವಕೀಲಿ ವೃತ್ತಿಯನ್ನು ಆರಂಭಿಸಿದರು.

ಹಿನ್ನೆಲೆ: ಸ್ಥಳೀಯ ಸಂಸ್ಥೆಗಳಲ್ಲಿ ವಕೀಲರು

ಭಾರತದಲ್ಲಿ ಚುನಾಯಿತ ಸ್ಥಳೀಯ ಸಂಸ್ಥೆಗಳ ಬೆಳವಣಿಗೆಗೆ 1882ರ ಮೇ ತಿಂಗಳಲ್ಲಿ ವೈಸರಾಯ್ ಲಾರ್ಡ್ ರಿಪನ್ ಹೊರಡಿಸಿದ ನಿರ್ಣಯವು ಬುನಾದಿಯಾಯಿತು. ಪುರಸಭೆಗಳಲ್ಲಿ ಸರಕಾರಿ ಅಧಿಕಾರಿಗಳಿಗಿಂತ ಅಧಿಕಾರೇತರ ಸದಸ್ಯರು ಹೆಚ್ಚಿರಬೇಕೆಂಬುದು ಅದರ ಆಶಯವಾಗಿತ್ತು. ಹೀಗೆ ತೆರೆದ ಸ್ಥಾನಗಳಿಗೆ ಹಲವು ಪಟ್ಟಣಗಳಲ್ಲಿ ವಕೀಲರು ಮುಂದೆ ಬಂದರು. ಪುರಸಭೆಯ ದೈನಂದಿನ ಕೆಲಸದ ಬಹುಭಾಗವು ಕಾನೂನಿಗೆ ಸಂಬಂಧಿಸಿದ್ದುದು ಇದಕ್ಕೆ ಒಂದು ಕಾರಣ. ಉಪವಿಧಿಗಳ ರಚನೆ, ಮನೆಕಂದಾಯದ ನಿಗದಿ ಮತ್ತು ಅದರ ಮೇಲಿನ ತಕರಾರುಗಳ ವಿಚಾರಣೆ, ಬೀದಿಯ ಒತ್ತುವರಿ ತೆರವಿಗೆ ನೋಟಿಸು, ಗುತ್ತಿಗೆಯ ಕರಾರು, ಸಂತೆ ಹಾಗೂ ಕಸಾಯಿಖಾನೆಗಳ ಪರವಾನಗಿ ಮುಂತಾದವುಗಳಲ್ಲಿ ಒಂದು ಪದ ತಪ್ಪಿದರೂ ನ್ಯಾಯಾಲಯದಲ್ಲಿ ಪುರಸಭೆ ಸೋಲುವ ಸಂಭವವಿತ್ತು. ಅಲ್ಲದೆ, ಕಲೆಕ್ಟರ್ ಅಥವಾ ದರಬಾರಿನ ಅಧಿಕಾರಿಯ ಎದುರು ನಿಯಮವನ್ನು ಮುಂದಿಟ್ಟು ವಾದಿಸಬಲ್ಲವರು ಊರಿನಲ್ಲಿ ವಿರಳವಾಗಿದ್ದರು.

ಮುಂಬಯಿಯಲ್ಲಿ ಫಿರೋಜ್‌ಷಾ ಮೆಹ್ತಾ, ಅಹಮದಾಬಾದಿನಲ್ಲಿ ವಲ್ಲಭಭಾಯಿ ಪಟೇಲ್ ಈ ಪರಂಪರೆಯ ಪ್ರಮುಖರು. ಪಟೇಲರು 1924ರಿಂದ 1928ರವರೆಗೆ ಅಹಮದಾಬಾದ್ ಪುರಸಭೆಯ ಅಧ್ಯಕ್ಷರಾಗಿದ್ದರು. ಕನ್ನಡನಾಡಿನಲ್ಲಿ ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿ ಮತ್ತು ವಿಜಾಪುರದ ಫ. ಗು. ಹಳಕಟ್ಟಿ ಅವರು ವಕೀಲಿ ವೃತ್ತಿಯೊಂದಿಗೆ ತಮ್ಮ ಊರಿನ ಪುರಸಭೆಯಲ್ಲಿಯೂ ಕೆಲಸ ಮಾಡಿದ್ದರು. ಹಳಕಟ್ಟಿಯವರು ಕಟ್ಟಿ ಬೆಳೆಸಿದ ಶಿಕ್ಷಣ ಸಂಸ್ಥೆ, ಸಹಕಾರಿ ಬ್ಯಾಂಕುಗಳು ವಿಜಾಪುರದಲ್ಲಿ ಜತ್ತಿಯವರ ವಿದ್ಯಾರ್ಥಿ ದಿನಗಳ ಹೊತ್ತಿಗಾಗಲೇ ನೆಲೆಯೂರಿದ್ದವು.

ಈ ಪದ್ಧತಿಗೆ ಇನ್ನೊಂದು ಮುಖವೂ ಇತ್ತು. ಕಕ್ಷಿಗಾರನಾಗಿ ಬಂದವನೇ ಪುರಸಭೆಯ ಕಂದಾಯದಾರನೋ ಗುತ್ತಿಗೆದಾರನೋ ಆಗಿರುವ ಸಾಧ್ಯತೆ ಸಣ್ಣ ಊರುಗಳಲ್ಲಿ ಹೆಚ್ಚು. ಆದ್ದರಿಂದ ವೃತ್ತಿಯ ಹಿತ ಹಾಗೂ ಸಂಸ್ಥೆಯ ಹಿತಗಳ ನಡುವೆ ಅಂತರ ಕಾಯ್ದುಕೊಳ್ಳುವುದು ವಕೀಲ ಸದಸ್ಯರ ಮುಂದಿದ್ದ ಸವಾಲಾಗಿತ್ತು. ಸ್ಥಳೀಯ ಸಂಸ್ಥೆಯ ಕರಾರಿನಲ್ಲಿ ಹಿತಾಸಕ್ತಿಯುಳ್ಳವರನ್ನು ಸದಸ್ಯತ್ವಕ್ಕೆ ಅನರ್ಹಗೊಳಿಸುವ ನಿಯಮಗಳು ಸ್ಥಳೀಯ ಸಂಸ್ಥೆಗಳ ಕಾಯಿದೆಗಳಲ್ಲಿ ಸೇರಿದ್ದು ಇದೇ ಬಗೆಯ ಆತಂಕದಿಂದ.

ಜಮಖಂಡಿ ಪುರಸಭೆ

ಜತ್ತಿಯವರು 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು. 1945ರಲ್ಲಿ ಅದರ ಅಧ್ಯಕ್ಷರಾದರು. ಇದು ಎರಡನೆಯ ಮಹಾಯುದ್ಧದ ಕಾಲ. ಧಾನ್ಯ, ಬಟ್ಟೆ, ಸೀಮೆಎಣ್ಣೆಗಳ ಕೊರತೆಯು ದೇಶದ ಪಟ್ಟಣಗಳನ್ನೆಲ್ಲ ಬಾಧಿಸುತ್ತಿತ್ತು. ಇನ್ನೊಂದೆಡೆ, 1942ರ ಚಳವಳಿಯ ನಂತರ ಸಂಸ್ಥಾನಗಳಲ್ಲಿಯೂ ಜವಾಬ್ದಾರಿ ಸರಕಾರದ ಬೇಡಿಕೆ ಬಲವಾಗುತ್ತಿತ್ತು.

ಸಂಸ್ಥಾನದ ಪುರಸಭೆಯು ಬ್ರಿಟಿಷ್ ಪ್ರಾಂತದ ಪುರಸಭೆಗಿಂತ ಭಿನ್ನವಾದ ಪರಿಸರದಲ್ಲಿ ಕೆಲಸ ಮಾಡಬೇಕಾಗಿತ್ತು. ಅದರ ಮೇಲಿನ ಅಂತಿಮ ಅಧಿಕಾರ ಅರಸರದು. ಜಮಖಂಡಿಯನ್ನು ಪಟವರ್ಧನ ಮನೆತನದ ಶಂಕರರಾವ್ ಪರಶುರಾಮರಾವ್ ಅವರು ಆಳುತ್ತಿದ್ದರು. ಸಂಸ್ಥಾನದ ರಾಜಧಾನಿಯೇ ಆಗಿದ್ದ ಪಟ್ಟಣದಲ್ಲಿ ಪುರಸಭೆಯ ಅಧ್ಯಕ್ಷರಾದವರು ಒಂದು ಕಡೆ ಅರಮನೆಯ ಆಡಳಿತದೊಡನೆಯೂ ಇನ್ನೊಂದು ಕಡೆ ಕಂದಾಯ ಕಟ್ಟುವ ಜನರೊಡನೆಯೂ ವ್ಯವಹರಿಸಬೇಕಿತ್ತು. ಕಿರಾಣಿ ವ್ಯಾಪಾರಿಯ ಮಗನೊಬ್ಬ ಕಾನೂನು ಪದವಿಯ ಬಲದಿಂದ ಈ ಸ್ಥಾನಕ್ಕೆ ಬಂದದ್ದು ಸಂಸ್ಥಾನದ ಸಾಮಾಜಿಕ ಬದಲಾವಣೆಯ ಸೂಚನೆಯೂ ಆಗಿತ್ತು.

ಸಂಸ್ಥಾನದ ಆಡಳಿತ ಮತ್ತು ವಿಲೀನ

ಪುರಸಭೆಯ ನಂತರ ಜತ್ತಿಯವರು ಜಮಖಂಡಿ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾದರು. ಸಂಸ್ಥಾನದ ಮಂತ್ರಿಯಾಗಿ ನೇಮಕಗೊಂಡು, 1948ರಲ್ಲಿ ದಿವಾನರಾದರು. ಅವರ ದಿವಾನಗಿರಿ ಅಲ್ಪಕಾಲದ್ದು. 1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನವು ಅರಸರ ಸಮ್ಮತಿಯೊಂದಿಗೆ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. ತಾವು ಮುಖ್ಯಸ್ಥರಾಗಿದ್ದ ಸರಕಾರವನ್ನೇ ಕೊನೆಗಾಣಿಸುವ ಕ್ರಮದಲ್ಲಿ ಅವರು ಪಾಲ್ಗೊಂಡರು. ವಿಲೀನದಿಂದ ಅರಸೊತ್ತಿಗೆಯಷ್ಟೇ ಅಲ್ಲ, ಅವರ ಹುದ್ದೆಯೂ ಹೋಯಿತು.

ದಿವಾನಗಿರಿ ಮುಗಿದ ಮೇಲೆ ಜತ್ತಿಯವರು ಮತ್ತೆ ವಕೀಲಿ ವೃತ್ತಿಗೆ ಮರಳಿ ಸುಮಾರು 20 ತಿಂಗಳು ಕೆಲಸ ಮಾಡಿದರು. ಆ ಬಳಿಕ ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣಗೊಂಡರು. ಒಂದು ವಾರದೊಳಗೆ ಮುಖ್ಯಮಂತ್ರಿ ಬಿ. ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು. 1952ರ ಮಹಾಚುನಾವಣೆಯ ನಂತರ ಮೊರಾರ್ಜಿ ದೇಸಾಯಿ ಅವರ ಸರಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯನ್ನು ನೋಡಿಕೊಂಡರು. ರಾಜ್ಯಗಳ ಪುನರ್ವಿಂಗಡಣೆಯವರೆಗೂ ಅವರು ಈ ಹೊಣೆಯಲ್ಲಿದ್ದರು.

ಜತ್ತಿ ಸಮಿತಿ

1956ರ ನವೆಂಬರ್ 1ರಂದು ಕನ್ನಡ ಮಾತನಾಡುವ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯ ರೂಪುಗೊಂಡಿತು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗು ಎಂಬ ಐದು ಆಡಳಿತಗಳಿಂದ ಬಂದ ಪ್ರದೇಶಗಳಲ್ಲಿ ಭೂಮಿ, ಗೇಣಿ, ಕಂದಾಯ ಹಾಗೂ ಸ್ಥಳೀಯ ಸಂಸ್ಥೆಗಳಿಗೆ ಬೇರೆ ಬೇರೆ ಕಾನೂನುಗಳಿದ್ದವು. ಒಂದೇ ರಾಜ್ಯದ ಗೇಣಿದಾರರಲ್ಲಿ ವಿಜಾಪುರದವನಿಗೆ ಒಂದು ಹಕ್ಕು, ಹಾಸನದವನಿಗೆ ಇನ್ನೊಂದು ಹಕ್ಕು ಎಂಬಂತಹ ಸ್ಥಿತಿ ಇತ್ತು.

ಗೇಣಿ ಮತ್ತು ಕೃಷಿಭೂಮಿಯ ಕಾನೂನುಗಳನ್ನು ಪರಿಶೀಲಿಸಲು 1957ರಲ್ಲಿ ನೇಮಕಗೊಂಡ ಸಮಿತಿಗೆ ಜತ್ತಿಯವರು ಅಧ್ಯಕ್ಷರಾದರು. ಇದು ಜತ್ತಿ ಸಮಿತಿ ಎಂದೇ ಪ್ರಸಿದ್ಧವಾಗಿದೆ. ಸಮಿತಿಯ ವರದಿಯ ಆಧಾರದ ಮೇಲೆ ಸಿದ್ಧವಾದ ಮಸೂದೆಯು ದೀರ್ಘ ಚರ್ಚೆಯ ಬಳಿಕ 1961ರ ಮೈಸೂರು ಭೂಸುಧಾರಣಾ ಕಾಯಿದೆಯಾಯಿತು. ಇದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಕಾಯಿದೆಯು ಭೂಹಿಡುವಳಿಗೆ 27 ಪ್ರಮಾಣಿತ ಎಕರೆಗಳ ಮಿತಿಯನ್ನು ವಿಧಿಸಿತು, ಗೇಣಿಯ ಪ್ರಮಾಣವನ್ನು ನಿಗದಿಗೊಳಿಸಿತು. ಆದರೆ ಸ್ವಂತ ಸಾಗುವಳಿಯ ಕಾರಣ ನೀಡಿ ಭೂಮಾಲೀಕರು ಜಮೀನನ್ನು ಹಿಂಪಡೆಯಲು ಅದರಲ್ಲಿ ಅವಕಾಶವಿತ್ತು. ಮಸೂದೆಗೂ ಜಾರಿಗೂ ನಡುವೆ ಕಳೆದ ವರ್ಷಗಳಲ್ಲಿ ಜಮೀನು ಹಂಚಿಕೆಯಾಗಿ, ವರ್ಗಾವಣೆಯಾಗಿ ಮಿತಿಯಿಂದ ತಪ್ಪಿಸಿಕೊಂಡಿತೆಂಬ ಟೀಕೆ ಇದೆ. ಮುಂದೆ ದೇವರಾಜ ಅರಸು ಅವರ ಸರಕಾರವು 1974ರಲ್ಲಿ ಈ ಕಾಯಿದೆಗೆ ವ್ಯಾಪಕ ತಿದ್ದುಪಡಿ ತಂದು ಗೇಣಿ ಪದ್ಧತಿಯನ್ನು ರದ್ದುಗೊಳಿಸಿತು.

ಮುಖ್ಯಮಂತ್ರಿ (1958–1962)

ಕಾಂಗ್ರೆಸ್ ಶಾಸಕಾಂಗ ಪಕ್ಷದೊಳಗಿನ ಭಿನ್ನಮತದಿಂದಾಗಿ 1958ರಲ್ಲಿ ಎಸ್. ನಿಜಲಿಂಗಪ್ಪನವರು ರಾಜೀನಾಮೆ ನೀಡಿದರು. ಮೇ 16ರಂದು ಜತ್ತಿಯವರು ಮುಖ್ಯಮಂತ್ರಿಯಾದರು. ಹಳೆಯ ಮೈಸೂರಿನ ಆಚೆಯ ಪ್ರದೇಶದಿಂದ, ಅದರಲ್ಲಿಯೂ ಒಂದು ಚಿಕ್ಕ ಸಂಸ್ಥಾನದಿಂದ ಬಂದ ಅವರು 1962ರ ಮಾರ್ಚ್ 9ರವರೆಗೆ ಆ ಹುದ್ದೆಯಲ್ಲಿದ್ದರು.

ಐದು ಬಗೆಯ ಕಾನೂನುಗಳನ್ನು ಒಂದಾಗಿಸುವುದು ಈ ಅವಧಿಯ ಮುಖ್ಯ ಕೆಲಸಗಳಲ್ಲೊಂದಾಗಿತ್ತು. 1959ರ ಮೈಸೂರು ಸಹಕಾರ ಸಂಘಗಳ ಕಾಯಿದೆ, 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ, 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಹಾಗೂ ಮೇಲೆ ಹೇಳಿದ ಭೂಸುಧಾರಣಾ ಕಾಯಿದೆ ಈ ಕಾಲದವು. ಗ್ರಾಮಾಧಿಕಾರ ರದ್ದತಿಯಿಂದ ಶಾನುಭೋಗ, ಪಟೇಲ, ಕುಲಕರ್ಣಿ, ತಳವಾರ ಮೊದಲಾದ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. ಈ ಕಾಯಿದೆ ಜಾರಿಯಾದದ್ದು 1963ರ ಫೆಬ್ರವರಿಯಲ್ಲಿ. ಹಳ್ಳಿಯ ಲೆಕ್ಕ ಮತ್ತು ಕಂದಾಯ ವಸೂಲಿ ಅಲ್ಲಿಂದ ಮುಂದೆ ಸರಕಾರದಿಂದ ನೇಮಕಗೊಂಡ ಸಂಬಳದ ನೌಕರರ ಕೈಗೆ ಬಂದಿತು.

1959ರ ಪಂಚಾಯಿತಿ ಕಾಯಿದೆ

ಸ್ಥಳೀಯ ಆಡಳಿತದ ದೃಷ್ಟಿಯಿಂದ ಜತ್ತಿ ಸರಕಾರದ ಪ್ರಮುಖ ಶಾಸನವೆಂದರೆ 1959ರ ಮೈಸೂರು ಗ್ರಾಮ ಪಂಚಾಯಿತಿಗಳು ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ. ಏಕೀಕರಣದ ಹೊತ್ತಿಗೆ ಹಳೆಯ ಮೈಸೂರಿನ ಜಿಲ್ಲೆಗಳಲ್ಲಿ 1952ರ ಗ್ರಾಮ ಪಂಚಾಯಿತಿ ಮತ್ತು ಜಿಲ್ಲಾ ಬೋರ್ಡುಗಳ ಕಾಯಿದೆ ಇತ್ತು. ಮುಂಬಯಿ ಕರ್ನಾಟಕದಲ್ಲಿ 1933ರ ಮುಂಬಯಿ ಗ್ರಾಮ ಪಂಚಾಯಿತಿ ಕಾಯಿದೆಯೂ ದಕ್ಷಿಣ ಕನ್ನಡದಲ್ಲಿ 1950ರ ಮದ್ರಾಸ್ ಕಾಯಿದೆಯೂ ನಡೆಯುತ್ತಿದ್ದವು. ಇದೇ ಸಮಯದಲ್ಲಿ, 1957ರ ನವೆಂಬರಿನಲ್ಲಿ, ಬಲವಂತರಾಯ್ ಮೆಹ್ತಾ ಸಮಿತಿಯು ದೇಶದಾದ್ಯಂತ ಮೂರು ಹಂತಗಳ ಪಂಚಾಯಿತಿ ವ್ಯವಸ್ಥೆಯನ್ನು ಶಿಫಾರಸು ಮಾಡಿತ್ತು.

ಹೊಸ ಕಾಯಿದೆಯು ಗ್ರಾಮ ಮಟ್ಟದಲ್ಲಿ ಪಂಚಾಯಿತಿ, ತಾಲ್ಲೂಕು ಮಟ್ಟದಲ್ಲಿ ತಾಲ್ಲೂಕು ಅಭಿವೃದ್ಧಿ ಮಂಡಳಿ ಹಾಗೂ ಜಿಲ್ಲಾ ಮಟ್ಟದಲ್ಲಿ ಜಿಲ್ಲಾ ಅಭಿವೃದ್ಧಿ ಪರಿಷತ್ತುಗಳನ್ನು ಸ್ಥಾಪಿಸಿತು. ಮೊದಲ ಎರಡು ಹಂತಗಳಿಗೆ ಜನರಿಂದ ನೇರ ಚುನಾವಣೆ ನಡೆಯುತ್ತಿತ್ತು. ಮಹಿಳೆಯರಿಗೂ ಪರಿಶಿಷ್ಟ ಜಾತಿಗಳಿಗೂ ಸ್ಥಾನಗಳನ್ನು ಕಾದಿರಿಸಲಾಗಿತ್ತು. ತಾಲ್ಲೂಕು ಮಂಡಳಿಗೆ ನೇರ ಚುನಾವಣೆ ಎಂಬುದು ಮೆಹ್ತಾ ಸಮಿತಿಯ ಮಾದರಿಗಿಂತ ಭಿನ್ನವಾಗಿತ್ತು. ಆ ಮಾದರಿಯಲ್ಲಿ ನಡುಹಂತದ ಸಮಿತಿಯನ್ನು ಗ್ರಾಮ ಪಂಚಾಯಿತಿಗಳು ಪರೋಕ್ಷವಾಗಿ ಆರಿಸಬೇಕಿತ್ತು.

ಹಾಸನ ಮೊದಲಾದ ಹಳೆಯ ಮೈಸೂರಿನ ಜಿಲ್ಲೆಗಳಲ್ಲಿ ಅದುವರೆಗೆ ಇದ್ದ ಜಿಲ್ಲಾ ಬೋರ್ಡುಗಳು ಈ ಕಾಯಿದೆಯಿಂದ ಕೊನೆಗೊಂಡು, ಚುನಾಯಿತ ಅಧಿಕಾರದ ಕೇಂದ್ರವು ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯಿತು. ಹೇಮಾವತಿಯ ದಂಡೆಯ ಗೊರೂರಿಗೂ ಜತ್ತಿಯವರ ಹುಟ್ಟೂರಾದ ಸಾವಳಗಿಗೂ ಮೊದಲ ಬಾರಿಗೆ ಒಂದೇ ಪಂಚಾಯಿತಿ ಕಾನೂನು ಅನ್ವಯವಾಯಿತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ತಾಲ್ಲೂಕು ಕೇಂದ್ರಗಳಲ್ಲಿ ಅಭಿವೃದ್ಧಿ ಮಂಡಳಿಗಳು ಹೊಸ ತಲೆಮಾರಿನ ರಾಜಕಾರಣಿಗಳಿಗೆ ತರಬೇತಿಯ ಅಂಗಳವಾದವು. ಮುಂದೆ ರಾಜ್ಯದ ಮುಖ್ಯಮಂತ್ರಿಯೂ ದೇಶದ ಪ್ರಧಾನಮಂತ್ರಿಯೂ ಆದ ಎಚ್. ಡಿ. ದೇವೇಗೌಡರು ತಮ್ಮ ರಾಜಕೀಯ ಜೀವನದ ಆರಂಭದಲ್ಲಿ ಹೊಳೆನರಸೀಪುರ ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾಗಿದ್ದರು.

ಕಾಯಿದೆಯ ದೌರ್ಬಲ್ಯ ಜಿಲ್ಲಾ ಹಂತದಲ್ಲಿತ್ತು. ಜಿಲ್ಲಾ ಅಭಿವೃದ್ಧಿ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಸಂಸದರು, ಶಾಸಕರು, ತಾಲ್ಲೂಕು ಮಂಡಳಿಗಳ ಅಧ್ಯಕ್ಷರು ಮತ್ತು ಇಲಾಖೆಗಳ ಅಧಿಕಾರಿಗಳು ಅದರಲ್ಲಿ ಸೇರಿದ್ದರೂ ಅದರ ಪಾತ್ರ ಹೆಚ್ಚಾಗಿ ಸಲಹೆ ಮತ್ತು ಮೇಲ್ವಿಚಾರಣೆಗೆ ಸೀಮಿತವಾಗಿತ್ತು. ಕೆಳಗಿನ ಸಂಸ್ಥೆಗಳಿಗೆ ಸ್ವಂತ ಆದಾಯ ಕಡಿಮೆ. ನಂತರದ ವರ್ಷಗಳಲ್ಲಿ ಚುನಾವಣೆಗಳು ಪದೇ ಪದೇ ಮುಂದೂಡಲ್ಪಟ್ಟವು. ರಾಮಕೃಷ್ಣ ಹೆಗಡೆ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯಿದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ತಂದಾಗ ತಾಲ್ಲೂಕು ಅಭಿವೃದ್ಧಿ ಮಂಡಳಿಗಳ ಕಾಲ ಮುಗಿಯಿತು. ಅದಕ್ಕೂ ಮೊದಲಿನ ಸುಮಾರು ಕಾಲು ಶತಮಾನ ರಾಜ್ಯದ ಗ್ರಾಮೀಣ ಸ್ಥಳೀಯ ಆಡಳಿತ ನಡೆದದ್ದು 1959ರ ಕಾಯಿದೆಯ ಚೌಕಟ್ಟಿನಲ್ಲಿಯೇ.

ಸಚಿವ ಮತ್ತು ರಾಜ್ಯಪಾಲ

1962ರ ಚುನಾವಣೆಯಲ್ಲಿ ಜತ್ತಿಯವರು ಜಮಖಂಡಿಯಿಂದ ಪುನರಾಯ್ಕೆಯಾದರೂ ಮುಖ್ಯಮಂತ್ರಿ ಸ್ಥಾನ ಅವರಿಗೆ ಮತ್ತೆ ದೊರೆಯಲಿಲ್ಲ. ಎಸ್. ಆರ್. ಕಂಠಿ ಅವರು ಅಲ್ಪಕಾಲ ಮುಖ್ಯಮಂತ್ರಿಯಾಗಿದ್ದು, ಬಳಿಕ ನಿಜಲಿಂಗಪ್ಪನವರು ಆ ಸ್ಥಾನಕ್ಕೆ ಹಿಂದಿರುಗಿದರು. ಒಮ್ಮೆ ಮುಖ್ಯಮಂತ್ರಿಯಾಗಿದ್ದ ಜತ್ತಿಯವರು 1962ರ ಜುಲೈ 2ರಂದು ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸು ಸಚಿವರಾದರು. ಮುಂದೆ ಆಹಾರ ಖಾತೆಯನ್ನೂ ನಿರ್ವಹಿಸಿದರು.

1968ರ ಅಕ್ಟೋಬರಿನಲ್ಲಿ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್ ಆಗಿ, 1972ರ ನವೆಂಬರಿನಲ್ಲಿ ಒಡಿಶಾದ ರಾಜ್ಯಪಾಲರಾಗಿ ನೇಮಕಗೊಂಡರು. ಒಡಿಶಾದಲ್ಲಿ 1973ರ ಮಾರ್ಚ್ 1ರಂದು ನಂದಿನಿ ಸತ್ಪತಿಯವರ ಸರಕಾರ ರಾಜೀನಾಮೆ ನೀಡಿದಾಗ ವಿರೋಧ ಪಕ್ಷದ ನಾಯಕ ಬಿಜು ಪಟ್ನಾಯಕ್ ತಮಗೆ ಬಹುಮತವಿದೆ ಎಂದು ಸರಕಾರ ರಚನೆಯ ಹಕ್ಕು ಮಂಡಿಸಿದರು. ಜತ್ತಿಯವರು ಅವರನ್ನು ಆಹ್ವಾನಿಸದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಈ ಕ್ರಮ ತೀವ್ರ ಟೀಕೆಗೆ ಒಳಗಾಯಿತು, ಹಾಗೂ ಒಡಿಶಾ ಹೈಕೋರ್ಟಿನ ಮುಂದೆಯೂ ಬಂದಿತು. ಸರಕಾರದ ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಬೇಕೆಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ ದೃಢಪಡಿಸಿದ್ದು ಎರಡು ದಶಕಗಳ ನಂತರ, 1994ರಲ್ಲಿ. ಆ ಪ್ರಕರಣವು ಕರ್ನಾಟಕದ ಮತ್ತೊಬ್ಬ ಮಾಜಿ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಅವರ ಹೆಸರಿನದು.

ಉಪರಾಷ್ಟ್ರಪತಿ ಮತ್ತು ಹಂಗಾಮಿ ರಾಷ್ಟ್ರಪತಿ

1974ರ ಆಗಸ್ಟಿನಲ್ಲಿ ನಡೆದ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಜತ್ತಿಯವರು 521 ಮತಗಳನ್ನು ಪಡೆದರು. ಪ್ರತಿಸ್ಪರ್ಧಿ ಎನ್. ಇ. ಹೋರೊ ಅವರಿಗೆ 141 ಮತಗಳು ದೊರೆತವು. ಆಗಸ್ಟ್ 31ರಂದು ಜತ್ತಿಯವರು ಅಧಿಕಾರ ವಹಿಸಿಕೊಂಡರು. ಅವರು ರಾಜ್ಯಸಭೆಯ ಸಭಾಪತಿಯಾಗಿದ್ದ ಅವಧಿಯಲ್ಲಿಯೇ ತುರ್ತು ಪರಿಸ್ಥಿತಿ ಬಂದಿತು, ಸಂವಿಧಾನದ 42ನೆಯ ತಿದ್ದುಪಡಿಯೂ ಅಂಗೀಕೃತವಾಯಿತು. ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕೆಂದು ಆ ತಿದ್ದುಪಡಿ ಸ್ಪಷ್ಟವಾಗಿ ವಿಧಿಸಿತು.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದರು. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್ ತಿಂಗಳ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು ಜನತಾ ಪಕ್ಷ ಅಧಿಕಾರಕ್ಕೆ ಬಂದಿತು. ಮಾರ್ಚ್ 24ರಂದು ಜತ್ತಿಯವರು ಮೊರಾರ್ಜಿ ದೇಸಾಯಿ ಅವರಿಗೆ ಪ್ರಧಾನಮಂತ್ರಿಯಾಗಿ ಪ್ರಮಾಣವಚನ ಬೋಧಿಸಿದರು. ಎರಡು ದಶಕಗಳ ಹಿಂದೆ ಮುಂಬಯಿಯಲ್ಲಿ ಅವರು ಇದೇ ದೇಸಾಯಿಯವರ ಸರಕಾರದಲ್ಲಿ ಕೆಲಸ ಮಾಡಿದ್ದರು.

ಏಪ್ರಿಲ್ ತಿಂಗಳಲ್ಲಿ ಹೊಸ ಸರಕಾರವು ಕಾಂಗ್ರೆಸ್ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಮುಂದಾಯಿತು. ಲೋಕಸಭೆಯಲ್ಲಿ ಸೋತ ಪಕ್ಷವು ಆ ರಾಜ್ಯಗಳಲ್ಲಿ ಜನರ ವಿಶ್ವಾಸ ಕಳೆದುಕೊಂಡಿದೆ ಎಂಬುದು ಅದರ ವಾದ. ರಾಜಸ್ಥಾನ ಮೊದಲಾದ ರಾಜ್ಯಗಳು ಸುಪ್ರೀಂ ಕೋರ್ಟಿನ ಮೊರೆ ಹೋದವು. ಏಪ್ರಿಲ್ 29ರಂದು ನ್ಯಾಯಾಲಯವು ಅವುಗಳ ಮನವಿಯನ್ನು ತಳ್ಳಿಹಾಕಿತು. ಆದರೂ ಜತ್ತಿಯವರು ವಿಸರ್ಜನೆಯ ಆದೇಶಗಳಿಗೆ ಕೂಡಲೇ ಸಹಿ ಹಾಕಲಿಲ್ಲ. ಸಂಪುಟವು ತನ್ನ ಸಲಹೆಯನ್ನು ಪುನರುಚ್ಚರಿಸಿತು. ಅವರ ವಿಳಂಬದ ವಿರುದ್ಧ ದೆಹಲಿಯಲ್ಲಿ ಪ್ರತಿಭಟನೆಗಳು ನಡೆದವು. ಏಪ್ರಿಲ್ 30ರಂದು ಅವರು ಸಹಿ ಹಾಕಿದರು.

ಈ ಘಟನೆಯನ್ನು ಕುರಿತು ಎರಡು ಅಭಿಪ್ರಾಯಗಳಿವೆ. ಅವರು ತಮ್ಮ ಹಳೆಯ ಪಕ್ಷದ ಪರವಾಗಿ ನಡೆದುಕೊಂಡರೆಂಬುದು ಟೀಕಾಕಾರರ ನಿಲುವು. ಚುನಾಯಿತ ಸಭೆಗಳನ್ನು ಅವಧಿಗೆ ಮೊದಲೇ ಕೊನೆಗಾಣಿಸುವ ಮುನ್ನ ಮರುಪರಿಶೀಲನೆಗೆ ಅವಕಾಶ ನೀಡುವುದು ರಾಷ್ಟ್ರಪತಿಯ ಕರ್ತವ್ಯವೆಂಬುದು ಸಮರ್ಥಕರ ನಿಲುವು. ಮರುಪರಿಶೀಲನೆಗೆಂದು ಸಲಹೆಯನ್ನು ಹಿಂದಿರುಗಿಸುವ ಸ್ಪಷ್ಟ ಅಧಿಕಾರ ಆಗ ಸಂವಿಧಾನದಲ್ಲಿ ಇರಲಿಲ್ಲ. 1978ರ 44ನೆಯ ತಿದ್ದುಪಡಿಯು ಒಂದು ಬಾರಿ ಹಾಗೆ ಹಿಂದಿರುಗಿಸುವ ಅವಕಾಶವನ್ನು ರಾಷ್ಟ್ರಪತಿಗೆ ಕೊಟ್ಟಿತು. ಒಡಿಶಾದಲ್ಲಿ ಕೇಂದ್ರದ ಆಳ್ವಿಕೆಗೆ ಬೇಗನೆ ಶಿಫಾರಸು ಮಾಡಿದ್ದ ಅದೇ ಜತ್ತಿಯವರು ನಾಲ್ಕು ವರ್ಷಗಳ ನಂತರ ವಿಧಾನಸಭೆಗಳ ವಿಸರ್ಜನೆಗೆ ತಡೆ ಒಡ್ಡಿದ್ದನ್ನು ಟೀಕಾಕಾರರು ಎತ್ತಿ ತೋರಿಸುತ್ತಾರೆ.

1977ರ ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದರು. ಜತ್ತಿಯವರು ಉಪರಾಷ್ಟ್ರಪತಿಯಾಗಿ 1979ರ ಆಗಸ್ಟ್ 30ರವರೆಗೆ ಅವಧಿ ಪೂರೈಸಿ ಸಕ್ರಿಯ ರಾಜಕಾರಣದಿಂದ ನಿವೃತ್ತರಾದರು. ಹಂಗಾಮಿಯಾಗಿಯಾದರೂ ರಾಷ್ಟ್ರಪತಿಯ ಕಾರ್ಯಭಾರ ನಿರ್ವಹಿಸಿದ ಏಕೈಕ ಕನ್ನಡಿಗರು ಅವರು.

ಬಸವ ಸಮಿತಿ

ಜತ್ತಿಯವರು 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿ, ಅದರ ಅಧ್ಯಕ್ಷರಾಗಿ ದುಡಿದರು. ಬಸವಣ್ಣನವರ ಮತ್ತು ಇತರ ಶರಣರ ವಿಚಾರಗಳ ಪ್ರಸಾರ, ವಚನಗಳ ಪ್ರಕಟಣೆ ಹಾಗೂ ಇತರ ಭಾಷೆಗಳಿಗೆ ಅವುಗಳ ಅನುವಾದ ಈ ಸಂಸ್ಥೆಯ ಮುಖ್ಯ ಕೆಲಸಗಳು. ಉನ್ನತ ಹುದ್ದೆಗಳಲ್ಲಿದ್ದಾಗಲೂ ಸರಳ ಜೀವನ ಹಾಗೂ ಧಾರ್ಮಿಕ ಶ್ರದ್ಧೆಗೆ ಅವರು ಹೆಸರಾಗಿದ್ದರು. ಅವರ ಆತ್ಮಚರಿತ್ರೆಯು ಇಂಗ್ಲಿಷಿನಲ್ಲಿ 'ಐ ಆಮ್ ಮೈ ಓನ್ ಮಾಡೆಲ್' ಎಂಬ ಹೆಸರಿನಿಂದ ಪ್ರಕಟವಾಗಿದೆ.

ನಿಧನ

ಬಿ. ಡಿ. ಜತ್ತಿಯವರು 2002ರ ಜೂನ್ 7ರಂದು ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ 89 ವರ್ಷ ವಯಸ್ಸಾಗಿತ್ತು. 2012ರಲ್ಲಿ ಅವರ ಜನ್ಮಶತಮಾನೋತ್ಸವವನ್ನು ಆಚರಿಸಲಾಯಿತು.

ಪರಂಪರೆ

ವಕೀಲಿ ವೃತ್ತಿಯನ್ನು ಜತ್ತಿಯವರು ಒಟ್ಟಾರೆ ಕೆಲವೇ ವರ್ಷಗಳ ಕಾಲ ನಡೆಸಿದರು. ಆದರೆ ಆ ವೃತ್ತಿಯ ಹಿನ್ನೆಲೆ ಅವರ ಸಾರ್ವಜನಿಕ ಕೆಲಸದುದ್ದಕ್ಕೂ ಕಾಣುತ್ತದೆ. ಸಂಸ್ಥಾನದ ವಿಲೀನ, ಗೇಣಿ ಕಾನೂನುಗಳ ಪರಿಶೀಲನೆ, ಐದು ಪ್ರದೇಶಗಳ ಶಾಸನಗಳ ಏಕೀಕರಣ ಇವೆಲ್ಲವೂ ಕಾನೂನಿನ ತಿಳಿವನ್ನೂ ಸಣ್ಣ ಊರಿನ ಆಡಳಿತದ ಅನುಭವವನ್ನೂ ಬೇಡುವ ಕೆಲಸಗಳಾಗಿದ್ದವು.

ವಕೀಲರ ಪಾತ್ರದ ಬಗೆಗಿನ ಸಾರ್ವಜನಿಕ ಧೋರಣೆ ಅವರ ಜೀವಿತಕಾಲದಲ್ಲಿಯೇ ಬದಲಾದದ್ದೂ ಗಮನಾರ್ಹ. ವಕೀಲರೊಬ್ಬರ ಅಧ್ಯಕ್ಷತೆಯ ಸಮಿತಿಯಿಂದ ಹುಟ್ಟಿದ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ತಂದ ತಿದ್ದುಪಡಿಯು ಭೂ ನ್ಯಾಯಮಂಡಳಿಗಳ ಮುಂದೆ ವಕೀಲರು ಹಾಜರಾಗುವುದನ್ನೇ ನಿಷೇಧಿಸಿತು. ವಕೀಲರನ್ನಿಡಲು ಶಕ್ತಿಯಿಲ್ಲದ ಗೇಣಿದಾರನು ಭೂಮಾಲೀಕನ ವಕೀಲರ ಎದುರು ಸೋಲಬಾರದೆಂಬುದು ಅದರ ಹಿಂದಿನ ಕಾಳಜಿ. ಈ ನಿಷೇಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ರದ್ದುಗೊಳಿಸಿತು.

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯು ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿ ಗ್ರಾಮ, ತಾಲ್ಲೂಕು ಮತ್ತು ಜಿಲ್ಲೆ ಎಂಬ ಮೂರು ಹಂತಗಳಲ್ಲಿಯೂ ನೇರ ಚುನಾವಣೆಯನ್ನು ಜಾರಿಗೊಳಿಸಿತು. ಇವುಗಳಲ್ಲಿ ಗ್ರಾಮ ಮತ್ತು ತಾಲ್ಲೂಕು ಹಂತಗಳ ನೇರ ಚುನಾವಣೆ, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿಗಳಿಗೆ ಮೀಸಲು ಸ್ಥಾನ ಎಂಬ ಅಂಶಗಳು 1959ರ ಕಾಯಿದೆಯಿಂದಲೇ ರಾಜ್ಯದ ಎಲ್ಲ ಹಳ್ಳಿಗಳಿಗೂ ಪರಿಚಿತವಾಗಿದ್ದವು.